ಬಹುವಚನ

ಸಿದ್ದಾಪುರದಲ್ಲಿ ಅಬೂಬಕರ್ ಟೈಲರ್ ಅಂಗಡಿಯ ಹಿಂದೆ
ನನ್ನ ಕೋಣೆ. ಹೊಲಿಗೆ ಮಿಷಿನ್ ನಿಂತ ಮೇಲೆ
ನನ್ನ ಕೆಲಸ ಶುರು.

ಊರಿಗೆಲ್ಲ ನಾನು ಏಕವಚನ.
ಏ, ಅವಳು, ಅದು, ಬಾರೇ, ಹೋಗೇ.
ಠಾಣೆಯಲ್ಲಿ ಹೆಸರು ಬರೆಸುವಾಗ
ಹೊಸ ಪೇದೆ, ನನ್ನ ಮಗನ ವಯಸ್ಸು,
'ಎಲ್ಲಿಂದ ಬಂದಿದ್ದೀಯೇ?' ಅಂದ.
ಆಸ್ಪತ್ರೆಯ ನರ್ಸಮ್ಮ
ಸೂಜಿಗೆ ಮೊದಲೇ ನಾಲಗೆಯಿಂದ ಚುಚ್ಚುತ್ತಾಳೆ.
ಎಟಿಎಮ್ ಒಂದೇ ನನಗೆ
'ದಯವಿಟ್ಟು ನಿರೀಕ್ಷಿಸಿ' ಅನ್ನುವುದು.
ದುಡ್ಡು ಬೇಡದ ದಿನವೂ ಒಮ್ಮೊಮ್ಮೆ ಹೋಗಿ
ಬ್ಯಾಲೆನ್ಸ್ ನೋಡಿ ಬರುತ್ತೇನೆ.

ನಾನೇನು ಕಮ್ಮಿಯೇ?
ಬಾಗಿಲು ತಟ್ಟಿದವರೆಲ್ಲ ನನಗೂ
ಇವನು, ಅವನು, ಆ ಮೂದೇವಿ,
ನೂರು ರೂಪಾಯಿಗೆ ಚೌಕಾಸಿ ಮಾಡಿದ ಮೀಸೆ,
ಬ್ರಾಂದಿ ವಾಂತಿ.
ಅಗುಳಿ ಹಾಕಿದ ಮೇಲೆ
ನಾನೂ ಪಕ್ಕದ ಕೋಣೆಯ ಜಯಂತಿಯೂ
ಅವರ ಹೊಟ್ಟೆ, ಅವರ ಅಳು
ಎಲ್ಲ ಆಡಿಕೊಂಡು ನಗುತ್ತಿದ್ದೆವು.

ಮೆಣಸಿನ ಕೊಯ್ಲಿನ ಒಂದು ರಾತ್ರಿ ಐತಪ್ಪ ಬಂದರು.
ಹೊಸಿಲಾಚೆ ಚಪ್ಪಲಿ ಬಿಟ್ಟು
'ಊಟ ಆಯ್ತಾ ನಿಮ್ಮದು?' ಅಂದರು.
ಹಿಂದೆ ತಿರುಗಿ ನೋಡಿದೆ,
ಕೋಣೆಯಲ್ಲಿ ಇನ್ಯಾರಿದ್ದಾರೆ ಅಂತ.

ಸುಳ್ಯದ ಕಡೆಯವರು ಕಣೇ,
ಅಲ್ಲಿ ನಾಯಿಗೂ ಬನ್ನಿ ಅಂತಾರೆ, ಅಂದಳು ಜಯಂತಿ.
ಇದ್ದರೂ ಇರಬಹುದು. ಒಮ್ಮೆ ಕೇಳಿಯೇ ಬಿಟ್ಟೆ.
'ಒಂಟಿ ಬಿದಿರಿನ ಏಣಿ. ಐವತ್ತಡಿ ಸಿಲ್ವರ್ ಓಕು.
ಕೆಳಗೆ ಏಣಿ ಹಿಡಿದವರನ್ನ ನೀನು ಅನ್ನಬಾರದು,
ನಮ್ಮಪ್ಪ ಹೇಳ್ತಿದ್ದರು.'
ನಾನ್ಯಾವ ಏಣಿ ಹಿಡಿದಿದ್ದೀನಿ, ಅಂದೆ.
ಅವರು ಉಗುರಿನ ಸಂದಿಯ ಮೆಣಸಿನ ಕಪ್ಪು ಕೆರೆಯುತ್ತ
ಸುಮ್ಮನೆ ಕೂತರು.

ಬೆಳಕು ಆರಿಸಲಾ ಅಂದರೆ,
'ನಿಮಗೆ ಹೇಗೆ ಬೇಕೋ ಹಾಗೆ.'
ಜ್ವರ, ಇವತ್ತು ಬೇಡ ಅಂದ ದಿನ
'ಆಯ್ತು, ಬರ್ತೇನೆ' ಅಂತ ಹೊರಟವರು
ಇಷ್ಟು ವರ್ಷದಲ್ಲಿ ಅವರೊಬ್ಬರೇ.

ಕಳೆದ ತಿಂಗಳು, ವಿರಾಜಪೇಟೆ ಬಸ್ಸು.
ಅಮ್ಮತ್ತಿಯಲ್ಲಿ ಹತ್ತಿದರು. ಜೊತೆಗೆ ಹೆಂಡತಿ,
ತೊಡೆಯ ಮೇಲೆ ಕೋಳಿಮರಿಯ ಪೆಟ್ಟಿಗೆ.
ನಾನು ಕಿಟಕಿಯ ಕಡೆ ತಿರುಗಿದೆ.
ಅದು ನಮ್ಮ ಕಸುಬಿನ ಮೊದಲ ಪಾಠ.
'ಏಯ್, ನಿನ್ನಂಥೋಳಿಗೆ ಸೀಟು ಬೇರೆ ಕೇಡು, ಏಳೇ,'
ಅಂದ ಕಂಡಕ್ಟರ್. ಹಿಂದಿನಿಂದ ನಗು.

'ಅವರು ಟಿಕೆಟ್ ತಗೊಂಡಿದ್ದಾರಲ್ಲ.
ಕೂತ್ಕೊಳ್ಳಲಿ ಅವರು.'

ನನ್ನ ಕಡೆ ನೋಡಲಿಲ್ಲ. ದನಿ ದೊಡ್ಡದೂ ಅಲ್ಲ.
'ಅವರಂತೆ!' ಅಂದ ಯಾರೋ,
ನಗು ನನ್ನನ್ನು ಬಿಟ್ಟು ಅವರ ಮೇಲೆ ಹೋಯಿತು.
ಆ ಅಮ್ಮ ಗಂಡನ ಮುಖ ನೋಡಿದರು,
ಆಮೇಲೆ ನನ್ನ ಬೆನ್ನು.
ಬೆನ್ನಿಗೆ ಗೊತ್ತಾಗುತ್ತದೆ.
ಮೂರಕ್ಷರಕ್ಕೆ ಮನೆಯಲ್ಲಿ ಎಷ್ಟು ತೆತ್ತರೋ.

ಎರಡು ಮೈಲಿ ಮೊದಲೇ
ಎಸ್ಟೇಟ್ ಗೇಟಿನ ಹತ್ತಿರ ಇಳಿದೆ.
ನನ್ನಿಂದ ಆದದ್ದು ಅಷ್ಟು.
ಲೈನ್ ಮನೆಯ ಜಗಲಿಯಿಂದ ಒಬ್ಬ ಮುದುಕಮ್ಮ
'ಒಬ್ಬಳೇ ಹೋಗಬೇಡ ಮಗಾ,
ತೋಟದೊಳಗೆ ಅವರಿದ್ದಾರೆ' ಅಂದರು.
ಆನೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ ಅವರು.
ಅದು ಹೆದರಿಕೆಯ ಬಹುವಚನ.
ಮಿಷಿನ್ನಿನದು ಪುಕ್ಕಟೆ.
ಬಸ್ಸಿನಲ್ಲಿ ಸಿಕ್ಕಿದ್ದರ ದರ ನನಗೆ ಗೊತ್ತಿಲ್ಲ,
ದರ ಗೊತ್ತಿರಬೇಕಾದವಳು ನಾನು.
ಚಪ್ಪಲಿ ಕೈಯಲ್ಲಿ ಹಿಡಿದು
ಹಲಸಿನ ವಾಸನೆ ಬಂದಲ್ಲೆಲ್ಲ ನಿಂತು ನಿಂತು
ಕತ್ತಲಾಗುವಷ್ಟರಲ್ಲಿ ಊರು ಸೇರಿದೆ.

ಆಮೇಲೆ ಅವರು ಬಂದಿಲ್ಲ.

ನಿನ್ನೆ ಕಡ್ಡಿಪೆಟ್ಟಿಗೆ ಕೇಳಲು ಬಂದ ಜಯಂತಿ
'ಆ ಏಣಿಯವನು ಎಲ್ಲಿ ಹಾಳಾಗಿ ಹೋದ?' ಅಂದಳು.
ಹೋದ ಅಲ್ಲ, ಹೋದರು, ಅಂದೆ.
ಅವಳು ಬಿದ್ದು ಬಿದ್ದು ನಕ್ಕಳು.
ಬಾಗಿಲವರೆಗೆ ಹೋದವಳು ತಿರುಗಿ,
ಹೊರಗೆ ಕೈ ಚಾಚಿ ಹನಿ ನೋಡುತ್ತ,
'ಮಳೆ ಹಿಡಿದರೆ ಮರ ಹತ್ತೋಕೆ ಆಗಲ್ಲ ಅಲ್ವಾ
ಅವರಿಗೆ. ದುಡ್ಡಿರಲ್ಲ ಪಾಪ.'