ಕೆಂಪಂಕಿ

ಸೋಮ, ಮಂಗಳ, ಬುಧ ನಂದು.
ಗುರು, ಶುಕ್ರ, ಶನಿ ಖಾಜಾಬಿದು.
ತೀನ್ ಕಂದೀಲ್ ಹಿಂದಿನ ರಕ್ತದ ಲ್ಯಾಬಿನ್ಯಾಗ
ಗಾಜಿನ ಕೊಳವಿ ತೊಳಿಯೋ ಕೆಲಸ ಒಂದು,
ರಬ್ಬರ್ ಗ್ಲೌಸೂ ಒಂದೇ ಜೋಡಿ.
ಸೋಮವಾರ ಹಾಕ್ಕೊಂಡರ
ಆಕಿ ಬೆರಳಿನ ಆಕಾರ ಇನ್ನೂ ಒಳಗ ಇರತದ.

ಗ್ವಾಡಿಗೆ ಬೀಜದಂಗಡಿ ಕ್ಯಾಲೆಂಡರು.
ಈ ವರ್ಷ ಕೆಂಪಂಕಿ
ಬುಧವಾರ ದಾಟೇ ಕೂತಾವ:
ಮೇ ಒಂದು ಶುಕ್ರವಾರ,
ಝಂಡಾ ಏರೋದು ಶನಿವಾರ,
ಗಾಂಧಿ ಜಯಂತಿ ಮತ್ತ ಶುಕ್ರವಾರ.
ಆಕಿಗೆ ಮನ್ಯಾಗ ಕೂತು ಮೂರು ಪಗಾರ.
ನನಗ ಜನವರಿದೊಂದು.

"ತಾರೀಖು ನಾ ಬರ್ದೀನೇನಬೇ?"
ಅಂದ ಮ್ಯಾನೇಜರ್ ಶರಣೇಗೌಡ, ಚಾ ಆರಿಸ್ಕೋತ.
ಖರೆ.
ವಾರ ಹಂಚಿದಾಂವ ನೀನಲ್ಲೇನು,
ಅಂತ ಕೊಳವಿಗೆ ಹೇಳಿದೆ, ಬ್ರಷ್ ತಿರುವಿ ತಿರುವಿ.

ಅಕ್ಟೋಬರ್ ಪಗಾರ ಆದ ಸೋಮವಾರ
ಗ್ಲೌಸಿಗೆ ಕೈ ಹಾಕಿದರ
ಕಿರುಬೆರಳು ಹೋಗವಲ್ದು.
ಸುರುಳಿ ಸುತ್ತಿದ ನೋಟು, ಮುನ್ನೂರು.
ಲೆಕ್ಕ ಬರೋಬ್ಬರಿ ಮಾಡ್ಯಾಳ:
ಮೂರು, ಒಂದು, ಇಬ್ಬರಿಗೂ ಎರಡೆರಡು.

ಅಲ್ಲಿತನಕ ಆಕಿ ಮ್ಯಾಲ ಸಿಟ್ಟಿರಲಿಲ್ಲ.
ಆಗ ಬಂತು.
ಕೊಡಬೇಕಾದ ಕೈ ಇದಲ್ಲಲ್ಲ ಮಾರಾಯ್ತಿ.

ಮೂರು ದಿನ
ಕಿರುಬೆರಳು ಮಡಚ್ಕೊಂಡೇ ತೊಳದೀನಿ.
ನೋಟು ಇದ್ದಲ್ಲೇ ಅದ.
ನಾಳಿ ಗುರುವಾರ.