ನಮ್ದಾ, ತಂಗಿ?

ಶಿವಮೊಗ್ಗದ ದೊಡ್ಡಾಸ್ಪತ್ರೆ, ಎರಡನೇ ಮಹಡಿ, ಐಸಿಯು ಹೊರಗೆ
ಚಾಪೆ, ಜಮಖಾನ, ಯಾರದೋ ಹುಟ್ಟುಹಬ್ಬದ ಹಳೇ ಫ್ಲೆಕ್ಸು ಹಾಸಿ
ಹದಿನೇಳು ಜನ ಮಲಗಿದ್ದೇವೆ.
ಮಲಗಿದ್ದೇವೆ ಅಂದರೆ
ಕಿವಿಯೊಂದನ್ನು ಬಾಗಿಲಿಗೆ ಒತ್ತೆಯಿಟ್ಟಿದ್ದೇವೆ.

ಬಾಗಿಲು ಕಿರ್ರೆಂದರೆ ಹದಿನೇಳೂ ತಲೆ ಏಳುತ್ತವೆ.
ಸಿಸ್ಟರ್ ಫಿಲೋಮಿನಾ ಕರೆಯುವುದು ಒಂದೇ ಹೆಸರು.
ಕೆಲವು ಸಲ ಅದೂ ಇಲ್ಲ,
ಕಸದ ಬಕೆಟ್ಟು ಹೊರಗಿಟ್ಟು ಒಳಗೆ ಹೋಗುತ್ತಾರೆ.
ಒಮ್ಮೆ ಬರೀ ಗಾಳಿ, ಹೊಳೆ ಕಡೆಯಿಂದ ಬಂದದ್ದು.
ಅದಕ್ಕೂ ಎದ್ದೆವು.

ಬಾಗಿಲಾಚೆ ನಮ್ಮ ಭಾವ. ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪು.
ನಾಲ್ಕು ದಿನದಿಂದ ನಾನು ಬರೆದ ಡ್ರೈವರಿಗೂ ಒಂದು ರೋಗ.
ಡಿಸ್ಕಿಗೆ ಕೇಳು, ಮಲಗು, ಎಬ್ಬಿಸಿದಾಗ ಓದು,
ಅಷ್ಟೇ ಅದರ ಕೆಲಸ. ಲಕ್ಷ ಸಲ ಸರಿ.
ಲಕ್ಷದ ಮೇಲೊಂದು ಸಲ
ಇನ್ನೂ ತುಂಬದ ಬಫರಿಗೆ ಕೈಹಾಕಿ
ನಿನ್ನೆಯ ಕಸವನ್ನು ಇವತ್ತಿನ ಸುದ್ದಿ ಅಂತ ಕೊಡುತ್ತದೆ.
ಯಾರು ಎಬ್ಬಿಸಿದರು? ಲಾಗ್ ತುಂಬ ಹುಡುಕಿದೆ.
ಇಂಥದಕ್ಕೆಲ್ಲ ಕರ್ನಲ್ ಲೆಕ್ಕ ಇಡುವುದಿಲ್ಲ.

ಎರಡೂ ಮುಕ್ಕಾಲಿಗೆ ಬಾಗಿಲು.
ಶಿಕಾರಿಪುರದ ಕಡೆ ತಾಂಡಾದ ಸೋಮ್ಲಾನಾಯ್ಕ,
ಮೂರು ರಾತ್ರಿ ನಿದ್ದೆಗೆಟ್ಟವ,
ಧಡಕ್ಕನೆ ಎದ್ದು, ಸಿಸ್ಟರ್ ಕೈಯ ಚೀಟಿ ಕಿತ್ತುಕೊಂಡು
ಮೆಟ್ಟಿಲಿಳಿದೇ ಬಿಟ್ಟ ರಕ್ತನಿಧಿಗೆ.
ಕರೆದದ್ದು ಖಲಂದರ್ ಸಾಬರನ್ನು.
"ನಾಯ್ಕರೇ, ಹೆಸರು ನೋಡ್ರೀ!"
ಕೂಗು ಅವನನ್ನು ಕೆಳಗಿನ ತಿರುವಿನಲ್ಲಿ ಹಿಡಿಯಿತು.
ವಾಪಸು ಬಂದು ಚೀಟಿ ಕೊಟ್ಟ, ಎರಡೂ ಕೈಯಲ್ಲಿ.
"ಎಬ್ಬಿಸಿದ್ರಲ್ಲ, ನಂದೇ ಅನ್ಕೊಂಡೆ."
ಸಾಬರು ಅವನ ಬೆನ್ನು ಸವರಿ ಇಳಿದುಹೋದರು.

ಎಬ್ಬಿಸಿದ್ರಲ್ಲ, ನಂದೇ ಅನ್ಕೊಂಡೆ.
ಆರುನೂರ ಹನ್ನೆರಡನೇ ಸಾಲು.
ಅಲ್ಲಿ ಇದೇ ಮಾತು ಬರೆದವನು ನಾನು, ಒಂದು ಪುಟ್ಟ ಇಫ್‌ನಲ್ಲಿ.
ಮಲಗುವ ಮುಂಚೆ ಒಮ್ಮೆ ನೋಡುತ್ತದೆ.
ಎದ್ದ ಮೇಲೆ ನೋಡುವುದಿಲ್ಲ.

ರಿಪ್ಪನ್‌ಪೇಟೆಯ ಬಂಗಾರಮ್ಮ ಹಾಗಲ್ಲ.
ಮೊದಲು ಗಾಜು ತಟ್ಟಿ ಹೇಳುತ್ತಾಳೆ,
"ಇಲ್ಲೇ ಇದೀನಿ, ಕಂಬದ ಬುಡದಾಗೆ."
ಹೇಳಿ, ಇನ್ನೊಂದು ಸಲ ಒಳಗೆ ಇಣುಕುತ್ತಾಳೆ,
ಹೇಳುವುದಕ್ಕೂ ಮಲಗುವುದಕ್ಕೂ ನಡುವೆ
ಕರೆ ಬಂದು ಹೋಗಿಬಿಟ್ಟರೆ ಅಂತ.
ಆಮೇಲೇ ಸೆರಗು ಹೊದೆಯುವುದು.
ಬಾಗಿಲಾಯಿತೋ, ಮಂಡಿ ಹಿಡಿದು ಎದ್ದು ಹೋಗುತ್ತಾಳೆ.
"ನಮ್ದಾ, ತಂಗಿ?"
"ಅಲ್ಲಜ್ಜಿ."
"ಹಂಗಾರೆ ಸರಿ."
ಮತ್ತೆ ಗಾಜು, ಮತ್ತೆ ಇಣುಕು, ಮತ್ತೆ ಕಂಬ.
ಸುಮ್ಮಸುಮ್ಮನೆ ಎಬ್ಬಿಸಿದರು ಅಂತ ಯಾರನ್ನೂ ಬೈಯಲಿಲ್ಲ.
ಈ ರಾತ್ರಿ ಇಲ್ಲಿಗೆ ಹನ್ನೊಂದು ಸಲ, ಎಣಿಸಿದ್ದೇನೆ.

ಇಫ್ ಅಳಿಸಿ ವೈಲ್ ಬರೆದೆ.
ನಾಲ್ಕು ದಿನದ ದುಡಿಮೆ, ಇಂಗ್ಲಿಷಿನ ಐದಕ್ಷರ.
ಪರೀಕ್ಷೆಗೆ ಬಿಟ್ಟೆ. ಪರದೆಯ ಮೇಲೆ ಚುಕ್ಕಿಗಳು
ಇರುವೆಯ ಹಾಗೆ ಸಾಲಿಡುತ್ತಿವೆ.

ಬಾಗಿಲು.
ಸಾಬರಿನ್ನೂ ಬಂದಿಲ್ಲ, ಹದಿನಾರು ತಲೆ.
ಸಿಸ್ಟರ್ ಬಾಯಿ ತೆರೆದಿದ್ದಾರೆ, ಹೆಸರು ಹೊರಬಿದ್ದಿಲ್ಲ.
ಅಜ್ಜಿ ಆಗಲೇ ಅರ್ಧ ದಾರಿಯಲ್ಲಿ.
ನಾನೂ ಎದ್ದೆ.
ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಸಿಗಲಿಲ್ಲ.