ಗುರುತು

ಅಪ್ಪ ಬಂದೂಕು ಹಿಡಿದವನಲ್ಲ.
ಮೈಸೂರು ಪಲ್ಟನ್ನಿನ ಹಿಂದೆ ಬಟ್ಟೆಗಂಟು ಹೊತ್ತು
ಸಿಂಗಪುರದ ಹಡಗು ಹತ್ತಿದವನು.
ಸೋತವರನ್ನು ಸಾಲು ನಿಲ್ಲಿಸಿ ಎಣಿಸಿದಾಗ
ಜಪಾನಿಯವರು ಅಗಸನನ್ನೂ ಎಣಿಸಿಕೊಂಡರು.

ಮೂರೂವರೆ ವರ್ಷ ಒಂದು ಕಾಗದವಿಲ್ಲ.
ಅವ್ವ ಕುಂಕುಮ ಇಡುತ್ತಿದ್ದಳು,
ಇಡುವಾಗ ಕನ್ನಡಿ ನೋಡುತ್ತಿರಲಿಲ್ಲ.
ಬುಧವಾರ ಬುಧವಾರ ಕತ್ತೆ ಹೊಡೆದುಕೊಂಡು
ಮಲ್ಲೇಶ್ವರದ ಘಾಟಿನಿಂದ ಜಾಲಹಳ್ಳಿಗೆ.
ಅಲ್ಲಿ ಮುಳ್ಳುತಂತಿಯೊಳಗೆ ಇಟಲಿಯವರು,
ಅಂಗಿಯ ಬೆನ್ನಿಗೆ ಅಂಗೈಯಗಲ ಕರಿ ತೇಪೆ.
‘ತೇಪೆ ಉಜ್ಜಬೇಡ, ಅದು ಸರ್ಕಾರದ್ದು’ ಎಂದ ಜಮಾದಾರ.
ಅವ್ವ ಉಜ್ಜುತ್ತಲೇ ಇದ್ದಳು.
‘ಎಲ್ಲೋ ಒಬ್ಬಳು ನಿಮ್ಮಪ್ಪನ ಅಂಗಿ ಒಗೀತಿರ್ತಾಳೆ,
ಅವಳೂ ನೆಟ್ಟಗೆ ಒಗೀಲಿ.’

ಯುದ್ಧ ಮುಗಿಯಿತಂತೆ, ಪೇಟೆಯಲ್ಲಿ ಪಟಾಕಿ.
ಇಟಲಿಯವರ ಬಟ್ಟೆ ಮಾತ್ರ
ಬುಧವಾರ ಬುಧವಾರ ಬರುತ್ತಲೇ ಇತ್ತು.

ಅಪ್ಪ ಬಂದಿಳಿದದ್ದು ದಂಡು ಸ್ಟೇಷನ್ನಿನಲ್ಲಿ.
ಯಾರದೋ ಹಸಿರಂಗಿ, ಒಳಗೆ ಇನ್ನಿಬ್ಬರು ಹಿಡಿಸುವಷ್ಟು.
ಅವ್ವ ಮುಖ ನೋಡಲಿಲ್ಲ. ಕಾಲರು ಮಗುಚಿ ನೋಡಿದಳು.
ನಮ್ಮ ಮನೆಯದು: ಎರಡು ಚುಕ್ಕೆ, ಒಂದು ಅಡ್ಡಗೀಟು.
ಕೇರುಬೀಜ ಸಿಗದೆ ಮಸಿಯಲ್ಲಿ ಬರೆದಿದ್ದ.
ಆಮೇಲೆ ಅತ್ತಳು.

ಒಂದೇ ಸಲ ಹೇಳಿದ, ನೀಲಿ ಕದಡುತ್ತ.

‘ಬೆಳಿಗ್ಗೆ ಎದ್ರೆ ಕಾವಲಿನೋರೇ ಇಲ್ಲ.
ಗೇಟು ತೆಗೆದೇ ಐತೆ.
ಒಬ್ಬನೂ ಆಚೆ ಹೋಗಲಿಲ್ಲ ಕಣಮ್ಮಾ.
ಎಣಿಕೆಗೆ ಸಾಲು ನಿಂತ್ವಿ. ಎಣಿಸೋರಿಲ್ಲ.
ಎರಡು ದಿನ ಹಂಗೇ ನಿಂತ್ವಿ.
ಮೂರನೇ ದಿನ ಕಾಡು ಸೀಳ್ಕೊಂಡು ದಂಡು ಬಂತು,
ಬಿಳಿಯರು, ತೊಡೆಗಂಟ ಕೆಸರು.
ಒಬ್ಬ ಹುಡುಗ ನಮ್ಮನ್ನ ನೋಡಿದ್ದೇ
ಮರದ ಮರೆಗೆ ಹೋಗಿ ವಾಂತಿ ಮಾಡ್ಕೊಂಡ.
ಬಾಯಿ ಒರೆಸ್ಕೊಂಡು ಬಂದು, ಏನು ಬೇಕು ಅಂದ, ಕೈಸನ್ನೇಲಿ.
ಸೋಪು ಅಂದೆ.
ಕೊಟ್ಟ. ಪಕ್ಕದವನು ಕಿತ್ಕೊಂಡು ಕಚ್ಚಿಬಿಟ್ಟ,
ಬಾಯ್ತುಂಬ ನೊರೆ.
ನಕ್ಕುಬಿಟ್ವಿ ಎಲ್ಲಾರೂ. ಆ ಹುಡುಗ ನಗಲಿಲ್ಲ.

‘ಆಮೇಲೊಬ್ಬ ಸಾಹೇಬ, ಪುಸ್ತಕ ಹಿಡಿದು:
ಸತ್ತೋರ ಹೆಸರು?
ದಫ್ತರವೆಲ್ಲ ಸುಟ್ಟು ಹೋಗಿದ್ರು ಕಾವಲಿನೋರು.
ನಂಗೆ ಹೆಸರು ಗೊತ್ತಿಲ್ಲ ದೊರೆ, ಗುರುತು ಗೊತ್ತು ಅಂದೆ.
ಕಡ್ಡಿ ತಗೊಂಡು ಕೆಸರ ಮೇಲೆ ಗೀಚಿದೆ.
ಮೂರು ಚುಕ್ಕೆ ಒಂದು ಕೊಕ್ಕೆ: ಚಿಂತಾಮಣಿಯೋನು, ಭೇದಿ.
ಏಣಿ: ಬ್ಯಾಂಡಿನೋನು, ಹೊಡೆತ.
ಒಂಟಿ ಗೀಟು...’
ಅಲ್ಲಿಗೆ ನಿಲ್ಲಿಸಿ ಕೈ ನೋಡಿಕೊಂಡ. ನೀಲಿಯಾಗಿತ್ತು.
‘ನಲವತ್ತೊಂದು.
ಆ ಮಹರಾಯ ಒಂದೂ ಬಿಡದೆ ಬರ್ಕೊಂಡ.’

ಇಲ್ಲಿ ಬೇರೆ ಸಾಹೇಬ, ಬೇರೆ ಮೇಜು.
ಬಂದವರನ್ನು ಮೂರು ಗುಡ್ಡೆ ಮಾಡುತ್ತಿದ್ದರು:
ಬಿಳಿ, ಬೂದು, ಕಪ್ಪು.
ಅಪ್ಪನಿಗೆ ಅದು ಹೊಸ ಕೆಲಸವೇನಲ್ಲ.
‘ಜಪಾನಿಯವರ ಬಟ್ಟೆ ಒಗೆದೆಯಾ?’
‘ಒಗೆದೆ. ಅವರ ಗುರುತೂ ಗೊತ್ತು. ಬರೆಯಲಾ?’
ಬೂದು ಎಂದು ಬರೆದರು. ಸಂಬಳ ಮುರಿದರು.
ಅವ್ವ ಘಾಟಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:
‘ನಾನು ಇಟಲಿಯೋರದು ಒಗೆದೆ. ನಂದ್ಯಾವ ಬಣ್ಣ?’

ಮುಂದಿನ ಬುಧವಾರ ಅಪ್ಪನೂ ಜಾಲಹಳ್ಳಿಗೆ ಬಂದ.
ಒಳಗೆ ಎಣಿಕೆಯ ಸೀಟಿ ಊದಿತು.
ತಂತಿಯ ಈಚೆ, ತಲೆಯ ಮೇಲೆ ಗಂಟು,
ಅಪ್ಪ ಕಾಲು ಜೋಡಿಸಿ ನೆಟ್ಟಗೆ ನಿಂತು
ಜಪಾನಿ ಮಾತಿನಲ್ಲಿ ಒಂದು ಅಂಕಿ ಕೂಗಿದ.
ಪಹರೆಯವನು ನಕ್ಕ.
ತಂತಿಯೊಳಗಿನವರು ನಗಲಿಲ್ಲ.

ಅವರನ್ನು ಬಿಡಿಸಲು ಯಾವ ದಂಡೂ ಬರಲಿಲ್ಲ.
ಒಂದು ಬುಧವಾರ ಹೋದರೆ
ಇಬ್ಬರು ಕೂಲಿಗಳು ಮುಳ್ಳುತಂತಿ ಸುತ್ತಿಡುತ್ತಿದ್ದರು.
ಒಗೆದ ಅಂಗಿಯೊಂದು ನಮ್ಮಲ್ಲೇ ಉಳಿಯಿತು.

ಅವ್ವ ಬ್ಲೇಡಿನಿಂದ ತೇಪೆ ಬಿಚ್ಚಿದಳು.
ಹರಿಯುವ ತನಕ ಅದನ್ನು ಅಪ್ಪ ಹಾಕಿಕೊಂಡ.
ಬಿಸಿಲಿಗೆ, ಸೋಡಾಕ್ಕೆ ಬೆಳ್ಳಗಾದ ಬಟ್ಟೆ;
ತೇಪೆಯಡಿಯಲ್ಲಿದ್ದಷ್ಟು ಮಾತ್ರ ಹೊಸದರ ಬಣ್ಣ.
ಕಲ್ಲಿನ ಮುಂದೆ ಬಗ್ಗಿದಾಗಲೆಲ್ಲ
ಬೆನ್ನ ಮೇಲೆ ಅಂಗೈಯಗಲ ಚೌಕ
ಘಾಟಿನ ಆ ದಡಕ್ಕೂ ಕಾಣುತ್ತಿತ್ತು.